ಹಾಯಿದೋಣಿ ಪಂದ್ಯದ ರೇಸ್ ಕಮಿಟಿಗೆ ಸ್ವಯಂಸೇವಕರಾಗಿ ಹೋಗುವವರಿಗೆ

ಶರಾವತಿ ಹಿನ್ನೀರಿನ ಆಸುಪಾಸಿನಲ್ಲಿ ಬೆಳೆದವರಿಗೆ ನೀರು ಹೊಸದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿಸಿದ ಮೇಲೆ ಊರು, ಗದ್ದೆ, ತೋಟಗಳನ್ನು ಮುಳುಗಿಸಿ ಹರಡಿಕೊಂಡ ಈ ನೀರನ್ನು, 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯುವ ತನಕ, ನಾವು ಲಾಂಚಿನಲ್ಲೇ ದಾಟುತ್ತಿದ್ದೆವು. ಹೊನ್ನೇಮರಡುವಿನಲ್ಲಿ ಕಯಾಕ್ ನಡೆಸುವವರನ್ನು ನೋಡಿದ್ದೇವೆ. ಆದರೂ ಹಾಯಿದೋಣಿ ಪಂದ್ಯವೆಂದರೆ ಅದು ಕಡಲ ತೀರದವರ ಆಟವೆಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಹಾಯಿದೋಣಿಯಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ ಮಧ್ಯಪ್ರದೇಶದವರು, ಭೋಪಾಲದ ಕೆರೆಯಲ್ಲಿ ಕಲಿತವರು. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಮಳೆಗಾಲದಲ್ಲೇ ರೆಗಾಟಾ, ಅಂದರೆ ಹಾಯಿದೋಣಿ ಪಂದ್ಯಗಳ ಕೂಟ, ನಡೆಯುತ್ತದೆ. ಒಳನಾಡಿನ ನೀರು ಈ ಆಟಕ್ಕೆ ಧಾರಾಳವಾಗಿ ಸಾಕು.

ಇಂತಹ ಪಂದ್ಯ ನಡೆಯಬೇಕಾದರೆ ದೋಣಿ ನಡೆಸುವವರಷ್ಟೇ ಇದ್ದರಾಗದು. ಗಾಳಿ ನೋಡಿ ಪಂದ್ಯದ ಹಾದಿ ಹಾಕುವವರು, ಗಡಿಯಾರ ಹಿಡಿಯುವವರು, ಬಾವುಟ ಏರಿಸಿ ಇಳಿಸುವವರು, ಗೆರೆ ದಾಟಿದ ದೋಣಿಗಳನ್ನು ಬರೆದುಕೊಳ್ಳುವವರು, ಮಗುಚಿದ ದೋಣಿಯತ್ತ ಧಾವಿಸುವವರು ಬೇಕು. ಇವರೆಲ್ಲ ಸೇರಿ ರೇಸ್ ಕಮಿಟಿ, ಮತ್ತು ಇವರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ ಬಂದ ಸ್ವಯಂಸೇವಕರು. ಮೊದಲ ಸಲ ಕಮಿಟಿ ಬೋಟಿನಲ್ಲಿ ಕುಳಿತಾಗ ನನಗೆ ಹಾಯಿಯ ಹಗ್ಗ ಯಾವುದೆಂಬುದೂ ತಿಳಿದಿರಲಿಲ್ಲ. ಸಾಗರ ತಾಲ್ಲೂಕಿನ ಕಡೆಯ ಅಡಿಕೆ ತೋಟದ ಮನೆಯಿಂದ ಹೋದ ನನಗೆ ಅಂದು ನೆರವಾದದ್ದು ಒಂದೇ ಅಭ್ಯಾಸ, ಒಪ್ಪಿಸಿದ ಒಂದು ಕೆಲಸದಿಂದ ಕಣ್ಣು ಕೀಳದಿರುವುದು. ಇಷ್ಟು ವರ್ಷಗಳ ಮೇಲೂ ನನ್ನ ನಂಬಿಕೆ ಅದೇ ಆಗಿದೆ. ದೋಣಿ ನಡೆಸಲು ಬಾರದವರೂ ಗಮನವೊಂದಿದ್ದರೆ ಈ ಕೆಲಸವನ್ನು ಚೆನ್ನಾಗಿ ಮಾಡಬಲ್ಲರು. ಗಮನವಿಲ್ಲದ ನುರಿತ ನಾವಿಕನಿಂದ ಅದು ಆಗುವುದಿಲ್ಲ.

ಹೊರಡುವ ಮೊದಲು

ಪಂದ್ಯ ನಡೆಸುವ ಕ್ಲಬ್ಬಿಗೆ ಒಂದು ತಿಂಗಳ ಮೊದಲೇ ಬರೆಯಿರಿ. ಬರೆಯುವಾಗ ಇದ್ದುದನ್ನು ಇದ್ದಹಾಗೆ ಹೇಳಿ: ಈಜು ಬರುತ್ತದೆಯೇ, ಮೋಟಾರ್ ಬೋಟ್ ನಡೆಸಿ ಗೊತ್ತಿದೆಯೇ, ದೂರದ ಅಂಕಿ ಕನ್ನಡಕವಿಲ್ಲದೆ ಕಾಣುತ್ತದೆಯೇ, ದೋಣಿಯಲ್ಲಿ ಕುಳಿತರೆ ತಲೆ ಸುತ್ತುತ್ತದೆಯೇ. ಈಜು ಬಾರದವರನ್ನು ಕ್ಲಬ್ಬಿನವರು ದೂರ ಇಡುವುದಿಲ್ಲ, ದಡದ ಕೆಲಸ ಕೊಡುತ್ತಾರೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಿ ರಕ್ಷಣಾ ಬೋಟ್ ಹತ್ತಿದವರಿಂದ ಮಾತ್ರ ಎಲ್ಲರಿಗೂ ಅಪಾಯ. ನಿಮ್ಮ ಮಕ್ಕಳೋ ನೆಂಟರೋ ಅದೇ ಪಂದ್ಯದಲ್ಲಿ ಇದ್ದರೆ ಅದನ್ನೂ ತಿಳಿಸಿ. ಅವರ ದೋಣಿಗಳ ಗೆರೆ ಕಾಯುವ ಕೆಲಸ ನಿಮಗೆ ಬರದಂತೆ ನೋಡಿಕೊಳ್ಳಲು ಆಗುತ್ತದೆ.

ನಂತರ ಓದಿನ ಕೆಲಸ. ಹಾಯಿದೋಣಿ ಪಂದ್ಯದ ನಿಯಮಗಳನ್ನು ವರ್ಲ್ಡ್ ಸೇಲಿಂಗ್ ಸಂಸ್ಥೆ ನಾಲ್ಕು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತದೆ. ಈಗ ಜಾರಿಯಲ್ಲಿರುವುದು 2025ರಿಂದ 2028ರವರೆಗಿನ ಪುಸ್ತಕ. ನಮ್ಮ ದೇಶದಲ್ಲಿ ಈ ಕ್ರೀಡೆಯನ್ನು ನೋಡಿಕೊಳ್ಳುವುದು ಯಾಚಿಂಗ್ ಅಸೋಸಿಯೇಷನ್ ಆಫ್ ಇಂಡಿಯಾ. ಇಡೀ ಪುಸ್ತಕವನ್ನು ಉರು ಹೊಡೆಯಬೇಕಾಗಿಲ್ಲ. ಪಂದ್ಯದ ಆರಂಭವನ್ನು ಹೇಳುವ 26ನೇ ನಿಯಮ, ಬಾವುಟಗಳ ಚಿತ್ರವಿರುವ ಪುಟಗಳು, ‘ಸ್ಟಾರ್ಟ್’ ಮತ್ತು ‘ಫಿನಿಶ್’ ಪದಗಳ ವ್ಯಾಖ್ಯೆ, ಇಷ್ಟನ್ನು ಎರಡು ಸಂಜೆ ಕುಳಿತು ಓದಿದರೆ ಸಾಕು. ಇದರ ಜೊತೆಗೆ ಆಯಾ ಪಂದ್ಯಕ್ಕೆಂದೇ ಕೊಡುವ ಸೇಲಿಂಗ್ ಇನ್‌ಸ್ಟ್ರಕ್ಷನ್ಸ್ ಎಂಬ ಕೈಪಿಡಿಯನ್ನು ಮಾತ್ರ ಮೊದಲಿನಿಂದ ಕೊನೆಯವರೆಗೆ ಓದಲೇಬೇಕು. ಎಷ್ಟು ಗಂಟೆಗೆ ಆರಂಭ, ಯಾವ ವರ್ಗದ ದೋಣಿಗಳಿಗೆ ಯಾವ ಬಾವುಟ, ಎಷ್ಟು ಸುತ್ತು, ದೂರು ಕೊಡಲು ಎಷ್ಟು ಸಮಯ ಎಂಬುದೆಲ್ಲ ಅದರಲ್ಲೇ ಇರುತ್ತದೆ.

ಸಾಮಾನಿನ ವಿಷಯ ಚಿಕ್ಕದು. ಸೆಕೆಂಡ್ ತೋರಿಸುವ ಕೈಗಡಿಯಾರ, ದಾರ ಕಟ್ಟಿದ ಟೋಪಿ, ಕುಡಿಯುವ ನೀರು, ಮಧ್ಯಾಹ್ನಕ್ಕೆ ಬುತ್ತಿ, ಮತ್ತು ಪೆನ್ನಿನ ಬದಲು ಎರಡು ಪೆನ್ಸಿಲ್. ಒದ್ದೆ ಕಾಗದದ ಮೇಲೆ ಶಾಯಿ ಹರಡಿ ಅಂಕಿ ಅಳಿಸಿಹೋಗುತ್ತದೆ, ಪೆನ್ಸಿಲಿನ ಗೆರೆ ಉಳಿಯುತ್ತದೆ. ಲೈಫ್ ಜಾಕೆಟ್ಟನ್ನು ಕ್ಲಬ್ಬಿನವರು ಕೊಡುತ್ತಾರೆ. ಅದನ್ನು ದಡ ಬಿಡುವ ಮೊದಲೇ ತೊಟ್ಟು, ದಡಕ್ಕೆ ಮರಳಿದ ಮೇಲಷ್ಟೇ ಕಳಚಬೇಕು.

ಗಾಳಿ ನೋಡುವುದು, ಹಾದಿ ಹಾಕುವುದು

ಬೆಳಗಿನ ಸಭೆಯಲ್ಲಿ, ಪಂದ್ಯ ನಡೆಸುವ ಹೊಣೆ ಹೊತ್ತ ರೇಸ್ ಆಫೀಸರ್ ಪ್ರತಿಯೊಬ್ಬರಿಗೂ ಕೆಲಸ ಹಂಚುತ್ತಾರೆ. ನಿಮ್ಮ ಪಾಲಿಗೆ ಬಂದ ಕೆಲಸವನ್ನು ನಿಮ್ಮ ಮಾತಿನಲ್ಲೇ ಅವರಿಗೆ ತಿರುಗಿ ಹೇಳಿ ಖಚಿತಪಡಿಸಿಕೊಳ್ಳಿ. ನಾಚಿಕೆಯಿಂದ ಸುಮ್ಮನಿದ್ದು ನೀರಿನ ಮೇಲೆ ಹೋದ ಮೇಲೆ ಕೇಳುವುದಕ್ಕಿಂತ ಇದು ಎಷ್ಟೋ ಮೇಲು.

ಹಾಯಿದೋಣಿ ಪಂದ್ಯದ ಹಾದಿ ಓಟದ ಟ್ರ್ಯಾಕಿನಂತೆ ಒಂದೇ ಕಡೆ ಇರುವುದಿಲ್ಲ. ಪ್ರತಿದಿನವೂ ಗಾಳಿಯ ದಿಕ್ಕಿಗೆ ಸರಿಯಾಗಿ ಹೊಸದಾಗಿ ಹಾಕಬೇಕಾಗುತ್ತದೆ. ಲಂಗರು ಹಾಕಿದ ಕಮಿಟಿ ಬೋಟಿನಲ್ಲಿ ನಿಂತು, ದಿಕ್ಸೂಚಿ ಹಿಡಿದು, ಗಾಳಿ ಎಷ್ಟು ಡಿಗ್ರಿಯಿಂದ ಬರುತ್ತಿದೆ ಎಂದು ಐದೈದು ನಿಮಿಷಕ್ಕೊಮ್ಮೆ ಬರೆದಿಡುವ ಕೆಲಸವನ್ನು ಸಾಮಾನ್ಯವಾಗಿ ಹೊಸಬರಿಗೆ ಕೊಡುತ್ತಾರೆ. ಮಲೆನಾಡಿನ ನೀರಿನಲ್ಲಿ ಈ ಕೆಲಸಕ್ಕೆ ತಾಳ್ಮೆ ಬೇಕು. ಬೆಳಗ್ಗೆ ಮಂಜು ಹರಿಯುವ ತನಕ ನೀರು ಕನ್ನಡಿಯಂತಿದ್ದು, ಆಮೇಲೆ ಏಳುವ ಗಾಳಿ ಗುಡ್ಡದ ಸಂದಿನಿಂದ ಒಮ್ಮೆ ಹೀಗೆ ಒಮ್ಮೆ ಹಾಗೆ ತಿರುಗುತ್ತದೆ. ಒಂದು ಬೀಸನ್ನು ನಂಬಿ ಹಾದಿ ಹಾಕಿದರೆ ಹತ್ತು ನಿಮಿಷದಲ್ಲಿ ಅದು ಅಡ್ಡವಾಗಿರುತ್ತದೆ. ಆದ್ದರಿಂದ ಅರ್ಧ ಗಂಟೆಯ ಅಂಕಿಗಳನ್ನು ನೋಡಿ, ಗಾಳಿ ಯಾವ ಎರಡು ತುದಿಗಳ ನಡುವೆ ತೂಗುತ್ತಿದೆ ಎಂದು ತಿಳಿದು, ಅದರ ಮಧ್ಯವನ್ನು ಹಿಡಿಯುತ್ತಾರೆ. ನೀವು ಬರೆದ ಆ ಪಟ್ಟಿಯ ಮೇಲೆಯೇ ರೇಸ್ ಆಫೀಸರ್ ತೀರ್ಮಾನ ಮಾಡುವುದರಿಂದ, ಒಂದು ಅಂಕಿಯನ್ನೂ ಅಂದಾಜಿನಿಂದ ತುಂಬಿಸಬಾರದು.

ಆರಂಭದ ಗೆರೆ ಗಾಳಿಗೆ ಅಡ್ಡವಾಗಿ, ಲಂಬಕೋನದಲ್ಲಿ ಇರುತ್ತದೆ. ಗಾಳಿಗೆ ಮುಖ ಮಾಡಿ ನಿಂತರೆ ಬಲತುದಿಯಲ್ಲಿ ಕಮಿಟಿ ಬೋಟ್, ಎಡತುದಿಯಲ್ಲಿ ‘ಪಿನ್’ ಎಂದು ಕರೆಯುವ ಬೋಯ್, ಅಂದರೆ ಲಂಗರು ಕಟ್ಟಿ ತೇಲಿಬಿಟ್ಟ ಗುರುತು. ಗೆರೆಯ ಉದ್ದಕ್ಕೆ ಒಂದು ರೂಢಿಯ ಲೆಕ್ಕವಿದೆ: ದೋಣಿಗಳ ಸಂಖ್ಯೆಯನ್ನು ಒಂದು ದೋಣಿಯ ಉದ್ದದಿಂದ ಗುಣಿಸಿ, ಬಂದದ್ದನ್ನು ಒಂದೂವರೆ ಪಟ್ಟು ಮಾಡುವುದು. ಮಕ್ಕಳು ನಡೆಸುವ ಆಪ್ಟಿಮಿಸ್ಟ್ ದೋಣಿ ಸುಮಾರು 2.3 ಮೀಟರ್ ಉದ್ದವಿರುತ್ತದೆ. ಅಂತಹ 20 ದೋಣಿಗಳಿದ್ದರೆ ಗೆರೆ ಸುಮಾರು 70 ಮೀಟರ್ ಬೇಕು. ದೋಣಿಗಳು ಸುತ್ತಿಹೋಗಬೇಕಾದ ಬೋಯಿಗೆ ಮಾರ್ಕ್ ಎನ್ನುತ್ತಾರೆ. ಮೊದಲ ಮಾರ್ಕನ್ನು ಗೆರೆಯಿಂದ ನೇರವಾಗಿ ಗಾಳಿ ಬರುವ ದಿಕ್ಕಿಗೆ ಹಾಕುತ್ತಾರೆ.

ಬೋಯ್ ಇಳಿಸುವ ಕೆಲಸದ ಬಗ್ಗೆ ನಮ್ಮ ಹಿನ್ನೀರಿಗೆಂದೇ ಒಂದು ಎಚ್ಚರಿಕೆ ಹೇಳಬೇಕು. ಇಲ್ಲಿ ನೀರಿನ ಕೆಳಗೆ ಮುಳುಗಿದ ಕಾಡಿದೆ. ಒಣಗಿ ನಿಂತ ಕೆಲವು ಮರಗಳ ತಲೆ ಮೇಲೆ ಕಾಣುತ್ತದೆ, ಉಳಿದವು ಕಾಣುವುದಿಲ್ಲ. ಒಮ್ಮೆ ಗೆಳೆಯರೆಲ್ಲ ಸೇರಿ ಅಭ್ಯಾಸಕ್ಕೆಂದು ಹಾಕಿದ ಬೋಯಿಯ ಲಂಗರು ಅಂತಹ ಮುಳುಗಿದ ಮರದ ಕುಂಟೆಗೆ ಸಿಕ್ಕಿಕೊಂಡು, ಮೂವರು ಸೇರಿ ಎಳೆದರೂ ಬರದೆ, ಕೊನೆಗೆ ಹೊಸ ಹಗ್ಗವನ್ನೇ ಕತ್ತರಿಸಿ ಬಿಟ್ಟು ಬರಬೇಕಾಯಿತು. ಅಂದಿನಿಂದ ನಾನು ಕೊಕ್ಕೆಯ ಲಂಗರಿನ ಬದಲು ಮರಳು ತುಂಬಿದ ಚೀಲವನ್ನು ಕಟ್ಟುತ್ತೇನೆ. ಸಿಕ್ಕಿಕೊಳ್ಳುವುದು ಕಡಿಮೆ, ಹೋದರೂ ಹೆಚ್ಚು ನಷ್ಟವಿಲ್ಲ. ಎಲ್ಲಿ ಕುಂಟೆಗಳಿವೆ, ಬೇಸಿಗೆಗೆ ನೀರು ಇಳಿದಾಗ ಎಲ್ಲಿ ದಿಬ್ಬ ಏಳುತ್ತದೆ ಎಂಬುದು ಅಲ್ಲಿ ಮೀನು ಹಿಡಿಯುವವರಿಗೆ ಅಂಗೈಯಷ್ಟು ಪರಿಚಯ. ಹಿಂದಿನ ದಿನವೇ ಅವರನ್ನು ಕಂಡು ಕೇಳಬೇಕು. ಅವರು ಬಲೆ ಬಿಟ್ಟಿರುವ ಕಡೆ ಪಂದ್ಯದ ಹಾದಿ ಹಾಕಲೇಬಾರದು. ಅದು ಅವರ ದಿನದ ದುಡಿಮೆ. ಇಲ್ಲಿ ಯಾರಾದರೂ ಅಭ್ಯಾಸ ಪಂದ್ಯ ನಡೆಸುವ ಯೋಚನೆ ಮಾಡಿದರೆ, ಲಿಂಗನಮಕ್ಕಿ ಜಲಾಶಯ ಕರ್ನಾಟಕ ವಿದ್ಯುತ್ ನಿಗಮದ್ದೆಂಬುದನ್ನೂ, ಹಿನ್ನೀರಿನ ಒಂದು ಭಾಗ ಶರಾವತಿ ಕಣಿವೆ ಅಭಯಾರಣ್ಯಕ್ಕೆ ಸೇರಿದೆಯೆಂಬುದನ್ನೂ ನೆನಪಿಟ್ಟು, ನಿಗಮದ ಮತ್ತು ಅರಣ್ಯ ಇಲಾಖೆಯ ಒಪ್ಪಿಗೆಯನ್ನು ಮೊದಲೇ ಪಡೆಯತಕ್ಕದ್ದು.

ಆರಂಭದ ಐದು ನಿಮಿಷ

ಇಡೀ ದಿನದಲ್ಲಿ ಕಮಿಟಿ ಬೋಟಿನಲ್ಲಿ ಉಸಿರು ಬಿಗಿಹಿಡಿಯುವ ಹೊತ್ತೆಂದರೆ ಇದು. ನಿಂತಲ್ಲಿಂದ ಓಡುವ ಓಟದಂತೆ ಹಾಯಿದೋಣಿಗಳನ್ನು ಗೆರೆಯ ಮೇಲೆ ನಿಲ್ಲಿಸಲು ಬರುವುದಿಲ್ಲ. ಅವು ಗೆರೆಯ ಹಿಂದೆ ಸುಳಿದಾಡುತ್ತಾ, ಸರಿಯಾದ ಸೆಕೆಂಡಿಗೆ ವೇಗದಲ್ಲೇ ಗೆರೆ ದಾಟಲು ನೋಡುತ್ತವೆ. ಅವರೆಲ್ಲರ ಕೈಗಡಿಯಾರಗಳು ನಿಮ್ಮ ಬಾವುಟವನ್ನು ನೋಡಿಯೇ ಚಾಲೂ ಆಗುವುದು.

ಕ್ರಮ ಹೀಗಿದೆ. ಆರಂಭಕ್ಕೆ ಐದು ನಿಮಿಷ ಇರುವಾಗ ಆ ವರ್ಗದ ಬಾವುಟ ಮೇಲೇರುತ್ತದೆ, ಒಂದು ಹಾರ್ನ್. ನಾಲ್ಕು ನಿಮಿಷ ಇರುವಾಗ ಪ್ರಿಪರೇಟರಿ (ಸಿದ್ಧತೆಯ) ಬಾವುಟ, ಸಾಮಾನ್ಯವಾಗಿ ‘ಪಿ’ ಅಕ್ಷರದ್ದು, ಮೇಲೇರುತ್ತದೆ, ಇನ್ನೊಂದು ಹಾರ್ನ್. ಒಂದು ನಿಮಿಷ ಇರುವಾಗ ‘ಪಿ’ ಇಳಿಯುತ್ತದೆ. ಈ ಸಲದ ಹಾರ್ನ್ ಉದ್ದವಾಗಿರಬೇಕು. ಸೊನ್ನೆಗೆ ವರ್ಗದ ಬಾವುಟ ಇಳಿದು, ಒಂದು ಹಾರ್ನಿನೊಂದಿಗೆ ಪಂದ್ಯ ಆರಂಭವಾಗುತ್ತದೆ. ನಿಯಮದ ಪ್ರಕಾರ ಸಮಯವನ್ನು ಲೆಕ್ಕ ಹಿಡಿಯುವುದು ಬಾವುಟದಿಂದ, ಸದ್ದಿನಿಂದಲ್ಲ. ಹಾರ್ನ್ ಕೈಕೊಟ್ಟರೂ ಆರಂಭ ಕೆಡುವುದಿಲ್ಲ, ಬಾವುಟ ಎರಡು ಸೆಕೆಂಡ್ ತಡವಾದರೆ ಕೆಡುತ್ತದೆ.

ಆದ್ದರಿಂದ ಬಾವುಟ ಹಿಡಿದವರು ಗಡಿಯಾರ ನೋಡಬಾರದು. ಗಡಿಯಾರ ಹಿಡಿದವರು ಗಟ್ಟಿಯಾಗಿ ‘ಮೂವತ್ತು, ಇಪ್ಪತ್ತು, ಹತ್ತು’ ಎಂದು, ಆಮೇಲೆ ಐದರಿಂದ ಕೆಳಗೆ ಒಂದೊಂದೇ ಎಣಿಸುತ್ತಾರೆ. ಬಾವುಟದವರ ಕಣ್ಣು ಹಗ್ಗದ ಮೇಲೆ, ಕಿವಿ ಆ ಎಣಿಕೆಯ ಮೇಲೆ ಇರಬೇಕು. ಏರಿಸಬೇಕಾದ ಬಾವುಟವನ್ನು ಒಂದು ನಿಮಿಷ ಮೊದಲೇ ಹಗ್ಗಕ್ಕೆ ಕಟ್ಟಿ, ತಲೆಕೆಳಗಾಗಿಲ್ಲವೆಂದು ನೋಡಿ, ಸುತ್ತಿ ಕೈಯಲ್ಲಿಟ್ಟುಕೊಳ್ಳಿ. ಗಾಳಿ ಜೋರಿದ್ದಾಗ ಒದ್ದೆ ಹಗ್ಗ ರಾಟೆಯಲ್ಲಿ ಸಿಕ್ಕಿ ಬಾವುಟ ಅರ್ಧಕ್ಕೇ ನಿಲ್ಲುವುದುಂಟು. ಹಾಗಾಗಿ ಬೆಳಗ್ಗೆ ದೋಣಿಗಳು ಬರುವ ಮೊದಲೇ ಪ್ರತಿ ಹಗ್ಗವನ್ನೂ ಎರಡು ಸಲ ಏರಿಸಿ ಇಳಿಸಿ ನೋಡಬೇಕು.

ಹೊಸಬರು ಎಡವುವ ಎರಡು ಜೋಡಿ ಬಾವುಟಗಳಿವೆ. ‘ಪಿ’ ನೀಲಿ, ನಡುವೆ ಬಿಳಿ ಚೌಕ. ‘ಎಸ್’ ಬಿಳಿ, ನಡುವೆ ನೀಲಿ ಚೌಕ. ಮೊದಲನೆಯದು ಆರಂಭಕ್ಕೆ ಸಿದ್ಧರಾಗಿ ಎಂದರೆ, ಎರಡನೆಯದು ಹಾದಿಯನ್ನು ಮೊಟಕು ಮಾಡಿದೆ ಎಂದು. ಹಾಗೆಯೇ ‘ಎಕ್ಸ್’ ಬಿಳಿಯ ಮೇಲೆ ನೀಲಿಯ ನೇರ ಶಿಲುಬೆ, ‘ಎಂ’ ನೀಲಿಯ ಮೇಲೆ ಬಿಳಿಯ ಓರೆ ಗೀಟುಗಳು. ಇವನ್ನು ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಇಡಬೇಡಿ. ಪ್ರತಿ ಬಾವುಟವನ್ನೂ ಬೇರೆ ಗೂಡಿನಲ್ಲಿಟ್ಟು, ಮೇಲೆ ಕನ್ನಡದಲ್ಲಿ ಹೆಸರು ಬರೆದು ಅಂಟಿಸಿದರೆ ಆತುರದಲ್ಲಿ ಕೈ ತಪ್ಪುವುದಿಲ್ಲ.

ಗೆರೆ ಕಾಯುವವರ ಕೆಲಸ ಇನ್ನೊಂದು ಬಗೆಯದು. ಕಮಿಟಿ ಬೋಟಿನಲ್ಲಿ ಕಿತ್ತಳೆ ಬಾವುಟ ಹಾರಿಸಿದ ಕೋಲಿಗೂ ಪಿನ್ನಿಗೂ ನೇರ ದೃಷ್ಟಿಯಿಟ್ಟು, ಕೊನೆಯ ಒಂದು ನಿಮಿಷ ಕಣ್ಣು ಕದಲಿಸದೆ ನಿಲ್ಲಬೇಕು. ಸೊನ್ನೆಯ ಹೊತ್ತಿಗೆ ಯಾವ ದೋಣಿಯ ಒಡಲಿನ, ಅಂದರೆ ಹಾಯಿ ಕಂಬಗಳನ್ನು ಬಿಟ್ಟ ದೋಣಿಯ ಮೈಯ, ಯಾವುದೇ ಭಾಗ ಗೆರೆಯಾಚೆ ಇದ್ದರೂ ಅದು ಮುಂಚೆ ಹೊರಟ ದೋಣಿ. 2021ರ ನಿಯಮಗಳಿಂದ ಈಚೆಗೆ ಲೆಕ್ಕಕ್ಕೆ ಬರುವುದು ಒಡಲು ಮಾತ್ರ. ಹೊರಗೆ ಬಾಗಿದ ನಾವಿಕನ ತಲೆಯಾಗಲಿ ಕೈಯಾಗಲಿ ಅಲ್ಲ. ಕೊನೆಯ ನಿಮಿಷದಲ್ಲಿ ಕಂಡದ್ದನ್ನೆಲ್ಲ ಮೊಬೈಲಿನ ಧ್ವನಿಮುದ್ರಣಕ್ಕೆ ಹೇಳುತ್ತಾ ಹೋಗಿ: ಯಾವ ಸೇಲ್ ನಂಬರ್ (ಹಾಯಿಯ ಮೇಲಿನ ಸಂಖ್ಯೆ) ಗೆರೆಯ ಹತ್ತಿರವಿದೆ, ಯಾವುದು ದಾಟಿತು, ಯಾವುದು ಇನ್ನೊಂದರ ಮರೆಯಲ್ಲಿದೆ. ಖಚಿತವಾಗಿ ಕಂಡ ದೋಣಿಯನ್ನಷ್ಟೇ ಹೆಸರಿಸಬೇಕು. ಅನುಮಾನದ ಮೇಲೆ ಒಬ್ಬ ಹುಡುಗನ ಪಂದ್ಯ ಕಳೆಯುವ ಅಧಿಕಾರ ನಮಗಿಲ್ಲ.

ಮುಂಚೆ ಹೊರಟವು ಒಂದೆರಡಾದರೆ ತಡಮಾಡದೆ ‘ಎಕ್ಸ್’ ಬಾವುಟ ಏರಿಸಿ ಒಂದು ಹಾರ್ನ್ ಕೊಡುತ್ತಾರೆ. ಇಲ್ಲಿ ಹಾರ್ನ್ ಮರೆತರೆ ತಪ್ಪು ಕಮಿಟಿಯದಾಗುತ್ತದೆ, ಏಕೆಂದರೆ ಮುಂದಕ್ಕೆ ನೋಡುತ್ತಿರುವ ನಾವಿಕನಿಗೆ ಹಿಂದಿನ ಬಾವುಟ ಕಾಣುವುದಿಲ್ಲ. ಆ ದೋಣಿಗಳೆಲ್ಲ ಗೆರೆಯ ಹಿಂದಕ್ಕೆ ಬಂದ ಕೂಡಲೇ, ಬಾರದಿದ್ದರೆ ಹೆಚ್ಚೆಂದರೆ ನಾಲ್ಕು ನಿಮಿಷಕ್ಕೆ, ‘ಎಕ್ಸ್’ ಇಳಿಯುತ್ತದೆ. ಗುರುತು ಹಿಡಿಯಲಾಗದಷ್ಟು ದೋಣಿಗಳು ಮುನ್ನುಗ್ಗಿದ್ದರೆ ನೀಲಿ ಅಂಚಿನ ಹಳದಿ ತ್ರಿಕೋನದ ಬಾವುಟ ಏರಿಸಿ, ಎರಡು ಹಾರ್ನ್ ಕೊಟ್ಟು ಎಲ್ಲರನ್ನೂ ಹಿಂದಕ್ಕೆ ಕರೆಯುತ್ತಾರೆ. ಅದು ಇಳಿದ ಒಂದು ನಿಮಿಷಕ್ಕೆ ಹೊಸ ಐದು ನಿಮಿಷದ ಎಣಿಕೆ ಮೊದಲಾಗುತ್ತದೆ.

ನಿಮ್ಮ ಕೈಯಿಂದ ತಪ್ಪಾದರೆ, ಬಾವುಟ ತಡವಾದರೆ ಅಥವಾ ಎಣಿಕೆ ತಪ್ಪಿದರೆ, ಆ ಕ್ಷಣವೇ ರೇಸ್ ಆಫೀಸರಿಗೆ ಹೇಳಿ. ಕೆಂಪು ಬಿಳಿ ಪಟ್ಟಿಯ ಬಾವುಟ ಏರಿಸಿ, ಎರಡು ಹಾರ್ನ್ ಕೊಟ್ಟು ಆರಂಭವನ್ನು ಮುಂದೂಡಲು ಅವರಿಗೆ ಆಗ ಇನ್ನೂ ಸಮಯವಿರುತ್ತದೆ. ಪಂದ್ಯ ಮುಗಿದ ಮೇಲೆ ಹೇಳಿದರೆ ಮೂವತ್ತು ಮಕ್ಕಳ ಒಂದು ಗಂಟೆಯ ಶ್ರಮ ನೀರುಪಾಲಾಗುತ್ತದೆ.

ಪಂದ್ಯ ನಡೆಯುವಾಗ

ದೋಣಿಗಳು ಹೊರಟ ಮೇಲೆ ಕಮಿಟಿ ಬೋಟಿನಲ್ಲಿ ಬುತ್ತಿ ಬಿಚ್ಚುವ ಆಸೆಯಾಗುತ್ತದೆ. ಒಬ್ಬರಾದ ಮೇಲೆ ಒಬ್ಬರು ಉಣ್ಣಬಹುದು, ಆದರೆ ಪ್ರತಿ ಮಾರ್ಕ್ ಸುತ್ತುವಾಗ ದೋಣಿಗಳ ಕ್ರಮ ಬರೆಯುವವರೊಬ್ಬರು, ಗಾಳಿ ನೋಡುವವರೊಬ್ಬರು, ಎಲ್ಲ ಹಾಯಿಗಳೂ ನೆಟ್ಟಗಿವೆಯೇ ಎಂದು ಎಣಿಸುವವರೊಬ್ಬರು ಸದಾ ಇರಬೇಕು. ರಕ್ಷಣಾ ಬೋಟಿನಲ್ಲಿದ್ದವರಿಗೆ ಒಂದೇ ಮುಖ್ಯ ಮಾತು: ಮೊದಲು ಮನುಷ್ಯ, ಆಮೇಲೆ ದೋಣಿ. ಮಗುಚಿದ ದೋಣಿಯ ಹತ್ತಿರ ಹೋದಾಗ ತಲೆಗಳನ್ನು ಎಣಿಸಿ, ಕೈಯೆತ್ತಿ ಸರಿಯಿದ್ದೇವೆಂದು ತೋರಿಸಿದರೆ ದೂರದಲ್ಲೇ ಕಾಯಿರಿ. ನೀರಿನಲ್ಲಿರುವವರನ್ನು ಮೇಲೆತ್ತುವಾಗ ಎಂಜಿನ್ ಸಂಪೂರ್ಣ ನಿಂತಿರಬೇಕು.

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ನಮ್ಮ ಕಡೆ ಗುಡುಗಿನ ಮಳೆ ಬರುವ ಪರಿ ಎಲ್ಲರಿಗೂ ಗೊತ್ತು. ಬಯಲು ನೀರಿನ ನಡುವೆ ಎದ್ದು ನಿಂತ ಲೋಹದ ಕಂಬವಿರುವ ದೋಣಿಗೆ ಸಿಡಿಲಿಗಿಂತ ದೊಡ್ಡ ಭಯವಿಲ್ಲ. ದೂರದಲ್ಲಿ ಗುಡುಗು ಕೇಳಿದರೆ ಬೇರೆಯವರು ಹೇಳಿಯಾರೆಂದು ಕಾಯದೆ ತಿಳಿಸಿ. ನೀಲಿ ಬಿಳಿ ಚೌಕಳಿಯ ‘ಎನ್’ ಬಾವುಟ ಮತ್ತು ಮೂರು ಹಾರ್ನ್ ಎಂದರೆ ಪಂದ್ಯ ರದ್ದು. ಅದರ ಕೆಳಗೆ ‘ಎಚ್’ ಸೇರಿಸಿದರೆ ಮುಂದಿನ ಸೂಚನೆ ದಡದಲ್ಲಿ.

ಗೆರೆ ದಾಟಿದವರನ್ನು ಬರೆದುಕೊಳ್ಳುವುದು

ಅಡಿಕೆ ಮಂಡಿಯಲ್ಲಿ ತೂಕ ಕೂಗುವವರೊಬ್ಬರು, ಬರೆಯುವವರೊಬ್ಬರು ಇರುವುದನ್ನು ನೋಡಿದವರಿಗೆ ಫಿನಿಶ್ ಲೈನಿನ ಏರ್ಪಾಡು ಕೂಡಲೇ ಅರ್ಥವಾಗುತ್ತದೆ. ಕೂಗುವವರು ಕಣ್ಣನ್ನು ಗೆರೆಯ ಮೇಲೆಯೇ ಇಟ್ಟು, ಒಡಲು ಗೆರೆ ಮುಟ್ಟಿದ ಕ್ಷಣಕ್ಕೆ ಸೇಲ್ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳುತ್ತಾರೆ. ಇಬ್ಬರು ಬೇರೆ ಬೇರೆ ಹಾಳೆಯಲ್ಲಿ, ಒಬ್ಬರದನ್ನೊಬ್ಬರು ನೋಡದೆ, ನಂಬರನ್ನೂ ಸಮಯವನ್ನೂ ಬರೆಯುತ್ತಾರೆ. ಜೊತೆಗೆ ಧ್ವನಿಮುದ್ರಣ ನಡೆಯುತ್ತಿರುತ್ತದೆ.

ಎರಡು ಹಾಳೆ ಏಕೆ ಎಂಬುದನ್ನು ನಾನು ತಪ್ಪು ಮಾಡಿಯೇ ಕಲಿತೆ. ಒಂದು ಪಂದ್ಯದಲ್ಲಿ ಜೊತೆಗೆ ಬರೆಯುವವರನ್ನು ರಕ್ಷಣಾ ಬೋಟಿಗೆ ಕಳಿಸಿದ್ದರು, ಹಾಳೆ ನನ್ನದೊಂದೇ. ಏಳು ದೋಣಿಗಳು ಒಟ್ಟಿಗೆ ಬಂದವು. 1471 ಎಂದು ಕೂಗಿದ್ದನ್ನು ನಾನು 1417 ಎಂದು ಬರೆದೆ. ಎರಡೂ ನಂಬರಿನ ದೋಣಿಗಳು ಪಂದ್ಯದಲ್ಲಿದ್ದವು, ಮತ್ತು 1417 ಹಾಯಿ ಹರಿದು ಆಗಲೇ ದಡ ಸೇರಿತ್ತು. ಸಂಜೆ ಫಲಿತಾಂಶದ ಹಾಳೆ ಅಂಟಿಸಿದಾಗ, ಐದನೆಯವಳಾಗಿ ಬಂದ ಹುಡುಗಿಯ ಹೆಸರಿನ ಮುಂದೆ ಪಂದ್ಯ ಮುಗಿಸಿಲ್ಲವೆಂದು ಬರೆದಿತ್ತು. ಹನ್ನೆರಡು ವರ್ಷದ ಮಗು ಇರಬೇಕು, ಒದ್ದೆ ಬಟ್ಟೆಯಲ್ಲೇ ಬಂದು, ‘ಅಂಕಲ್, ನಾನು ಗೆರೆ ದಾಟಿದಾಗ ನೀವು ಹಾರ್ನ್ ಕೊಟ್ಟಿರಿ’ ಎಂದಳು. ಧ್ವನಿಮುದ್ರಣ ಹಾಕಿ ಕೇಳಿದೆವು. ನಾಲ್ಕು, ಏಳು, ಒಂದು ಎಂಬ ಅಂಕಿಗಳು ಸ್ಪಷ್ಟವಾಗಿದ್ದವು. ಬರವಣಿಗೆಯ ತಪ್ಪಾದ್ದರಿಂದ ಕಮಿಟಿಯೇ ತಿದ್ದಿ ಹೊಸ ಹಾಳೆ ಅಂಟಿಸಿತು, ನಾನು ಅವಳ ಹತ್ತಿರ ಹೋಗಿ ತಪ್ಪು ನನ್ನದೆಂದು ಹೇಳಿದೆ. ಅಂದಿನಿಂದ ಎರಡನೆಯ ಹಾಳೆಯಿಲ್ಲದೆ ನಾನು ಫಿನಿಶ್ ಲೈನಿನಲ್ಲಿ ಕುಳಿತಿಲ್ಲ. ಜನ ಕಡಿಮೆಯಿದ್ದರೆ ಊಟದ ವ್ಯವಸ್ಥೆಗೆ ನಿಂತವರನ್ನಾದರೂ ಕರೆದು ಕೂರಿಸಿಕೊಳ್ಳಿ.

ನಂಬರ್ ಕಾಣದಿದ್ದರೆ ಆ ಸಾಲನ್ನು ಖಾಲಿ ಬಿಟ್ಟು, ಹಾಯಿಯ ಬಣ್ಣ, ಮುಂದಿನ ಮತ್ತು ಹಿಂದಿನ ದೋಣಿ ಯಾವುದೆಂದು ಬರೆಯಿರಿ. ಗೆರೆ ದಾಟುತ್ತಾ ಯಾರಾದರೂ ಇನ್ನೊಂದು ದೋಣಿಯ ಮೇಲೆ ದೂರು ಇದೆ ಎಂದು ಕೂಗಿದರೆ, ಎರಡೂ ನಂಬರುಗಳನ್ನೂ ಸಮಯವನ್ನೂ ಗುರುತು ಹಾಕಿಕೊಳ್ಳಿ. ಯಾರದು ತಪ್ಪೆಂದು ನಿಮ್ಮ ಅಭಿಪ್ರಾಯವನ್ನು ಅಲ್ಲಿ ಹೇಳಬಾರದು. ಅದನ್ನು ತೀರ್ಮಾನಿಸಲು ಪ್ರೊಟೆಸ್ಟ್ ಕಮಿಟಿ ಬೇರೆಯೇ ಇದೆ, ನಾಳೆ ನಿಮ್ಮನ್ನು ಸಾಕ್ಷಿಯಾಗಿ ಕರೆಯಲೂಬಹುದು.

ಅಂಕ ಹಾಕುವ ಪದ್ಧತಿ ಸರಳ. ಮೊದಲು ಬಂದವರಿಗೆ 1, ಎರಡನೆಯವರಿಗೆ 2, ಹೀಗೆ. ಒಟ್ಟು ಕಡಿಮೆ ಬಂದವರು ಗೆದ್ದಂತೆ. ಹೊರಡದವರಿಗೂ ಮುಗಿಸದವರಿಗೂ ಒಟ್ಟು ದೋಣಿಗಳ ಸಂಖ್ಯೆಗಿಂತ ಒಂದು ಹೆಚ್ಚು. ಹಾಗಾಗಿಯೇ ಮೂವತ್ತು ದೋಣಿಗಳ ಪಂದ್ಯದಲ್ಲಿ ಒಂದು ನಂಬರ್ ತಪ್ಪಿದರೆ 5 ಬರಬೇಕಾದ ಕಡೆ 31 ಬಂದು ಕೂರುತ್ತದೆ.

ದಡಕ್ಕೆ ಮರಳಿದ ಮೇಲೆ

ಬೆಳಗ್ಗೆ ನೀರಿಗಿಳಿಯುವಾಗ ಪ್ರತಿ ನಾವಿಕನೂ ಹಲಗೆಯಿಂದ ತನ್ನ ನಂಬರಿನ ಬಿಲ್ಲೆ ತೆಗೆದುಕೊಂಡು, ಮರಳಿದಾಗ ಅಲ್ಲೇ ತೂಗುಹಾಕುವ ಪದ್ಧತಿ ಹೆಚ್ಚಿನ ಕಡೆ ಇದೆ. ದಡದ ಕೆಲಸಕ್ಕೆ ನಿಂತ ಸ್ವಯಂಸೇವಕರು ಆ ಹಲಗೆಯನ್ನು ಬಿಟ್ಟು ಕದಲಬಾರದು. ಒಂದು ಮೊಳೆ ಖಾಲಿಯಿದ್ದರೂ ರಕ್ಷಣಾ ಬೋಟುಗಳು ನೀರಿನಲ್ಲೇ ಇರುತ್ತವೆ. ಹೆಚ್ಚಾಗಿ ಮರೆತು ಜೇಬಿನಲ್ಲಿಟ್ಟುಕೊಂಡಿರುತ್ತಾರೆ. ಆದರೂ ಆ ಹುಡುಗನನ್ನು ಕಣ್ಣಾರೆ ಕಾಣುವ ತನಕ ಹುಡುಕಲೇಬೇಕು.

ಬರೆದ ಹಾಳೆಗಳಿಗೆ ಸಹಿ ಹಾಕಿ, ಚಿತ್ತು ಕಾಟುಗಳನ್ನು ನಕಲು ಮಾಡಿ ಚೊಕ್ಕಗೊಳಿಸದೆ ಹಾಗೆಯೇ, ಧ್ವನಿಮುದ್ರಣದ ಜೊತೆ ರೇಸ್ ಆಫೀಸಿಗೆ ಒಪ್ಪಿಸಿ. ದೂರು ಕೊಡುವ ಸಮಯ ಮುಗಿಯುವ ತನಕ ಊರಿಗೆ ಹೊರಡಬೇಡಿ. ಆ ಹೊತ್ತಿನಲ್ಲಿ ಬೋಯಿಗಳ ಹಗ್ಗ ಬಿಡಿಸಿ ಸುತ್ತಿಡುವ ಕೆಲಸ ಮುಗಿಯುತ್ತದೆ. ಬಾವುಟಗಳನ್ನು ಮಾತ್ರ ಒದ್ದೆಯಿರುವಾಗ ಮಡಚಿ ಪೆಟ್ಟಿಗೆಗೆ ಹಾಕಬಾರದು. ನಮ್ಮ ಹವೆಯಲ್ಲಿ ಎರಡೇ ದಿನಕ್ಕೆ ಬೂಷ್ಟು ಹಿಡಿದು, ಬಿಳಿಯೆಲ್ಲ ಬೂದಿಯಾಗಿ, ದೂರದಿಂದ ‘ಪಿ’ ಯಾವುದು ‘ಎಸ್’ ಯಾವುದು ಎಂದು ತಿಳಿಯದಂತಾಗುತ್ತದೆ. ಜಗಲಿಯಲ್ಲಿ ಗಳು ಕಟ್ಟಿ, ಒಂದಕ್ಕೊಂದು ತಾಗದಂತೆ ಹರಡಿ, ಗರಿಗರಿಯಾದ ಮೇಲೆ ಅವುಗಳ ಗೂಡಿಗೆ ಸೇರಿಸಿ.